ಹವಾಯಿ ಹಕ್ಕಿಗಳೂ ಸೊಳ್ಳೆಯ ಗಡಿಯೂ

ಹವಾಯಿಗೆ ಸೊಳ್ಳೆ ಬಂದದ್ದು 1826ರ ಸುಮಾರಿಗೆ, ಹಡಗಿನ ನೀರಿನ ಪೀಪಾಯಿಗಳಲ್ಲಿ ಎಂಬುದು ರೂಢಿಯ ವಿವರಣೆ. ಮುಂದೆ ಅದು ಹರಡಿದ ಹಕ್ಕಿ ಮಲೇರಿಯಾ ಅಲ್ಲಿನ ಪುಟ್ಟ ಮಕರಂದ ಹಕ್ಕಿಗಳ ಪಾಲಿಗೆ ಹೊಸ ರೋಗ. ಆ ಹಕ್ಕಿಗಳು ಅಳಿಯಲು ಕಾಡು ಕಡಿದದ್ದು, ಇಲಿ ಬಂದದ್ದು ಕಾರಣವಲ್ಲವೇ ಎನ್ನಬಹುದು. ಹೌದು, ಅವೂ ಕಾರಣವೇ. ಆದರೆ ತಗ್ಗಿನಲ್ಲಿ ಕಾಡು ಉಳಿದ ಕಡೆಯೂ ಬಹುತೇಕ ಹಕ್ಕಿಗಳು ಉಳಿಯಲಿಲ್ಲ, ಇಲಿಗಳಿದ್ದರೂ ಎತ್ತರದ ತಂಪು ಕಾಡಿನಲ್ಲಿ ಉಳಿದವು. ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಸೊಳ್ಳೆಯೊಳಗೆ ರೋಗಾಣು ಬೆಳೆಯದು. ಆದ್ದರಿಂದ ಉಷ್ಣಾಂಶ ಏರಿದಂತೆ ರೋಗದ ಗಡಿಯೂ ಮೇಲೇರುತ್ತದೆ ಎಂಬ ಗಣಿತ ಮಾದರಿಗಳನ್ನು ಬರೀ ಊಹೆಯೆಂದು ತಳ್ಳಿಹಾಕಲಾಗದು. ಸುಮಾರು 1,600 ಮೀಟರ್‌ಗೇ ಮುಗಿಯುವ ಕವಾಯಿ ದ್ವೀಪದಲ್ಲಂತೂ ಹಕ್ಕಿಗೆ ಇನ್ನೂ ಮೇಲೇರಲು ಬೆಟ್ಟವೇ ಇಲ್ಲ! 2023ರಲ್ಲಿ ಅಮೆರಿಕ ಸರ್ಕಾರ ಅಳಿದವೆಂದು ಘೋಷಿಸಿದ ಜೀವಿಗಳಲ್ಲಿ ಹವಾಯಿಯ 8 ಹಕ್ಕಿಗಳಿದ್ದವು. ಈಗ ವೊಲ್ಬಾಕಿಯಾ ಬ್ಯಾಕ್ಟೀರಿಯಾ ಹೊತ್ತ ಗಂಡು ಸೊಳ್ಳೆಗಳನ್ನು ಕಾಡಿಗೆ ಬಿಡುತ್ತಿದ್ದಾರೆ. ಅವು ಕೂಡಿದ ಹೆಣ್ಣು ಸೊಳ್ಳೆಯ ಮೊಟ್ಟೆ ಮರಿಯಾಗುವುದಿಲ್ಲ.