ದುಡಿಯುವವರ ಲೆಕ್ಕ

ಒಂದು ದೇಶದ ಆರ್ಥಿಕ ಸ್ಥಿತಿಯನ್ನರಿಯಲು ಅದರ ಬೊಕ್ಕಸವನ್ನೂ ಬೆಳೆಯನ್ನೂ ನೋಡಿದರೆ ಸಾಲದು. ನೂರು ಜನರಲ್ಲಿ ದುಡಿಯುವವರೆಷ್ಟು, ಅವರನ್ನು ಆಶ್ರಯಿಸಿರುವವರೆಷ್ಟು ಎಂಬುದನ್ನೂ ನೋಡಬೇಕೆಂದು ಅರ್ಥಶಾಸ್ತ್ರಜ್ಞರು ಹೇಳುವರು. ಮಾತು ಯುಕ್ತವಾದುದೆ. ಆದರೆ ದುಡಿಯುವವರು ಯಾರೆಂದು ನಿಶ್ಚಯಿಸುವುದು ಕಣದಲ್ಲಿ ಮೂಟೆಗಳನ್ನೆಣಿಸಿದಷ್ಟು ಸುಲಭವಲ್ಲ. ಭಾರತದ ಖಾನೇಷುಮಾರಿಯ ಚರಿತ್ರೆಯಲ್ಲಿ ಈ ತೊಡಕು ಮೊದಲಿನಿಂದಲೂ ಕಾಣಬರುವುದು.

1881ನೆಯ ಇಸವಿ ಫೆಬ್ರವರಿ 17ರಂದು ದೇಶದ ಬಹುಭಾಗದ ಜನರನ್ನು ಏಕಕಾಲದಲ್ಲಿ ಎಣಿಸಿದಾಗಲೇ ವೃತ್ತಿಯ ಪ್ರಶ್ನೆಯೂ ಇದ್ದಿತು. 1901ರ ವೇಳೆಗೆ ಕೆಲಸಗಾರರು, ಆಶ್ರಿತರು ಎಂಬ ಎರಡು ಪಂಗಡಗಳು ಸ್ಪಷ್ಟವಾಗಿ ಏರ್ಪಟ್ಟವು. 1911ರಲ್ಲಿ ಗಣತಿದಾರರಿಗೆ ಕೊಟ್ಟ ಸೂಚನೆಗಳು ಓದತಕ್ಕವಾಗಿವೆ. ಮನೆಯನ್ನು ನೋಡಿಕೊಂಡು ಅಡುಗೆ ಮಾಡುವ ಹೆಂಗಸು ಕೆಲಸಗಾರಳಲ್ಲ, ಆಶ್ರಿತೆ. ಸೌದೆಯನ್ನೋ ಸಗಣಿಯನ್ನೋ ಕೂಡಿಸಿ ಮಾರುವವಳು ಕೆಲಸಗಾರಳು. ಕುಂಬಾರನ ಹೆಂಡತಿ ಗಂಡನಿಗೆ ತಪ್ಪದೆ ಮಣ್ಣು ತಂದುಕೊಡುತ್ತಿದ್ದರೆ ಅವಳೂ ಕೆಲಸಗಾರಳೆ. ಎಂದಾದರೊಮ್ಮೆ ಕೈಯಾಸರೆ ಕೊಟ್ಟರೆ ಅಲ್ಲ. ಬರೆದವನು ಹಳ್ಳಿಯ ಬಾಳನ್ನು ತಕ್ಕಮಟ್ಟಿಗೆ ಕಂಡವನೇ ಸರಿ. ಆದರೂ ಇಬ್ಬರು ಹೆಂಗಸರು ಒಂದೇ ಕಾಡಿನಿಂದ ಒಂದೇ ತೂಕದ ಹೊರೆಯನ್ನು ಹೊತ್ತು ಬಂದರೆನ್ನಿ. ಸಂತೆಗೆ ಹೋದ ಹೊರೆ ದುಡಿಮೆಯಾಯಿತು, ಸ್ವಂತ ಒಲೆಗೆ ಹೋದುದು ಆಗಲಿಲ್ಲ.

ಈ ಕೊರತೆಯನ್ನು ತುಂಬಲೋ ಎಂಬಂತೆ 1931ರಲ್ಲಿ ಸಂಪಾದಿಸುವವರು, ದುಡಿಯುವ ಆಶ್ರಿತರು, ದುಡಿಯದ ಆಶ್ರಿತರು ಎಂದು ಮೂರು ಪಂಗಡಗಳನ್ನು ಮಾಡಿದರು. ಮೈಸೂರು ಸಂಸ್ಥಾನದ ಆ ಸಲದ ವರದಿಯನ್ನು ಬರೆದವರು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು. ಕನ್ನಡಿಗರು ಕಥೆಗಾರ ‘ಶ್ರೀನಿವಾಸ’ರೆಂದು ಬಲ್ಲ ಮಹನೀಯರೇ.

ಸ್ವಾತಂತ್ರ್ಯಾನಂತರ ಅಳತೆಗೋಲು ಮತ್ತೆ ಮತ್ತೆ ಬದಲಾಯಿತು. 1961ರಲ್ಲಿ, ಹಂಗಾಮಿನ ಬಹುಭಾಗದಲ್ಲಿ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕ್ರಮವಾಗಿ ದುಡಿದವರೆಲ್ಲರೂ ಕೆಲಸಗಾರರೆಂದು ಎಣಿಸಿದರು. ನೂರು ಸ್ತ್ರೀಯರಲ್ಲಿ ಸುಮಾರು 28 ಮಂದಿ ಆ ಪಟ್ಟಿಗೆ ಸೇರಿದರು. 1971ರಲ್ಲಿ ಪ್ರತಿಯೊಬ್ಬರ ‘ಮುಖ್ಯ’ ಕಸುಬು ಯಾವುದೆಂದು ಮೊದಲು ಕೇಳಿದರು. ಗಣತಿದಾರನು ಜಗಲಿಯ ಮೇಲೆ ಕುಳಿತು ಯಜಮಾನನನ್ನು ಕೇಳುವನು. ಯಜಮಾನನು, “ಅವಳದೇನು ಕೆಲಸ ಸ್ವಾಮಿ, ಮನೆಯಲ್ಲೇ ಇದ್ದಾಳೆ” ಎನ್ನುವನು. ಆಕೆಯಾದರೋ ಆಗ ಹಿತ್ತಿಲಿನಲ್ಲಿ ಹುಳುಗಳಿಗೆ ಹಿಪ್ಪುನೇರಳೆಯ ಸೊಪ್ಪು ಹಾಕುತ್ತಿರಬಹುದು. ಫಲಿತಾಂಶವಾಗಿ ದುಡಿಯುವ ಸ್ತ್ರೀಯರ ಪ್ರಮಾಣವು ಹತ್ತೇ ವರ್ಷಗಳಲ್ಲಿ ಸುಮಾರು ಅರ್ಧಕ್ಕಿಳಿಯಿತು.

ಇದು ಬರಿಯ ಕಾಗದದ ಮಾತಾಗಿ ಉಳಿಯಲಿಲ್ಲ. 1971ರಲ್ಲಿ ನೇಮಕವಾಗಿ 1974ರ ಕೊನೆಯಲ್ಲಿ ವರದಿಯನ್ನು ಮುಗಿಸಿದ ಸ್ತ್ರೀಯರ ಸ್ಥಿತಿಗತಿಗಳ ಸಮಿತಿಯು, ಹೆಂಗಸರು ಉದ್ಯೋಗದಿಂದ ಹೊರದೂಡಲ್ಪಡುತ್ತಿರುವರೆಂದು ಎಚ್ಚರಿಸಿತು. ಅದರಲ್ಲಿ ನಿಜಾಂಶವಿತ್ತು, ಅಕ್ಕಿಯ ಗಿರಣಿ ಬಂದ ಕಡೆ ಒನಕೆ ಹಿಡಿದವರ ಕೂಲಿ ತಪ್ಪಿತ್ತು. ಆದರೆ ನಷ್ಟದಲ್ಲಿ ಗಿರಣಿಯ ಪಾಲೆಷ್ಟು, ಪ್ರಶ್ನೆಯ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟವಾಯಿತು. 1981ರಲ್ಲಿ ವರ್ಷಕ್ಕೆ 183 ದಿನ ದುಡಿದವರನ್ನು ಮುಖ್ಯ ಕೆಲಸಗಾರರೆಂದೂ, ಅದಕ್ಕಿಂತ ಕಡಿಮೆ ದುಡಿದವರನ್ನು ಅಲ್ಪಕಾಲಿಕರೆಂದೂ ಬರೆದುಕೊಂಡಾಗ ಪ್ರಮಾಣವು ಮತ್ತೆ ನೂರಕ್ಕೆ 20ರ ಸಮೀಪಕ್ಕೇರಿತು. 1991ರಲ್ಲಿ ಸ್ವಂತ ಹೊಲದ ಸಂಬಳವಿಲ್ಲದ ದುಡಿಮೆಯನ್ನು ಪ್ರಶ್ನೆಯಲ್ಲಿಯೇ ಹೆಸರಿಸಿದರು. 2001ರಲ್ಲಿ ಮನೆಯ ಉಪಯೋಗಕ್ಕೆ ಮಾತ್ರ ಹಾಲು ಉತ್ಪಾದಿಸುವವರನ್ನೂ ಒಳಗೆ ಸೇರಿಸಿದರು.

ಸಂಖ್ಯೆ ಏರಿದರೆ ಏಳಿಗೆ, ಇಳಿದರೆ ಅವನತಿ ಎಂದೆಣಿಸುವುದೂ ತಪ್ಪು. ಬಡವರ ಮನೆಯಲ್ಲಿ ಎಲ್ಲರೂ ಕೂಲಿಗೆ ಹೋಗುವರು. ಕೈಯಲ್ಲಿ ನಾಲ್ಕು ಕಾಸು ಸೇರಿದೊಡನೆ ಸೊಸೆಯನ್ನು ಹೊಲಕ್ಕೆ ಕಳುಹಿಸದಿರುವುದೇ ಮರ್ಯಾದೆಯೆನಿಸುವುದು. ಮಗಳು ಓದಿದ ಬಳಿಕ ಮತ್ತೆ ಕಚೇರಿಗೆ ಹೊರಡುವಳು. 2023ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಕ್ಲಾಡಿಯಾ ಗೋಲ್ಡಿನ್ ಎಂಬ ವಿದುಷಿಯು ಅಮೆರಿಕದಲ್ಲಿ ಇಂತಹುದೇ ಇಳಿತವನ್ನೂ ಏರಿಕೆಯನ್ನೂ ತೋರಿಸಿಕೊಟ್ಟಿರುವಳು. ಭಾರತ ಸರ್ಕಾರದ ಶ್ರಮಶಕ್ತಿಯ ಸಮೀಕ್ಷೆಯ ಪ್ರಕಾರ 15 ವರ್ಷ ಮೇಲ್ಪಟ್ಟ ಸ್ತ್ರೀಯರ ಪಾಲು 2017-18ರಲ್ಲಿ ನೂರಕ್ಕೆ 23.3 ಇದ್ದುದು 2023-24ರಲ್ಲಿ 41.7 ಆಯಿತು. ಏರಿಕೆಯ ದೊಡ್ಡ ಭಾಗವು ಹಳ್ಳಿಗಳಲ್ಲಿ, ಅದರಲ್ಲಿಯೂ ಸ್ವಂತ ಕಸುಬಿನಲ್ಲಿ ಹಾಗೂ ಮನೆಯವರ ಕಸುಬಿಗೆ ಕೂಲಿಯಿಲ್ಲದೆ ನೆರವಾಗುವವರಲ್ಲಿ ಕಂಡಿತು. ಇದನ್ನು ಕೆಲವರು ಅಭಿವೃದ್ಧಿಯೆಂದರು, ಕೆಲವರು ಸಂಕಷ್ಟವೆಂದರು.

ಅದೇ ಸಮೀಕ್ಷೆಯಲ್ಲಿ 93 ಎಂಬುದೊಂದು ಸಂಕೇತವುಂಟು. ಮನೆಗೆಲಸದೊಡನೆ ಸ್ವಂತ ಉಪಯೋಗಕ್ಕಾಗಿ ಸೌದೆ, ಸೊಪ್ಪು, ದನದ ಮೇವುಗಳನ್ನು ಕೂಡಿಸಿ ತರುವವರಿಗೆ ಅದು ಸಲ್ಲುವುದು. ಅವರು ಶ್ರಮಶಕ್ತಿಯ ಲೆಕ್ಕದಿಂದ ಹೊರಗೆ.