ಇಂಗಲೀಕದ ಪೂರ್ವಚರಿತ್ರೆ

ಹಿಂಗುಲವೆಂದು ಸಂಸ್ಕೃತದಲ್ಲಿಯೂ ಇಂಗಲೀಕವೆಂದು ಕನ್ನಡದಲ್ಲಿಯೂ ಪ್ರಸಿದ್ಧವಾದ ಕೆಂಪು ಖನಿಜವನ್ನು ಹಿಂದಿನವರು ಬಲ್ಲರು. ಕಾಗದದ ಹಸ್ತಪ್ರತಿಗಳಲ್ಲಿ ಕೆಂಪು ಗೆರೆಗಳನ್ನೆಳೆಯಲು ಲಿಪಿಕಾರರು ಇದನ್ನೇ ಅರೆದು ಮಸಿಮಾಡುತ್ತಿದ್ದರು. ಕಣ್ಣಿಗೆ ಮಂಗಳಕರವಾಗಿ ತೋರುವ ಈ ವಸ್ತುವಿನೊಳಗೆ ಪಾದರಸವು ಅಡಗಿರುವುದು. ತೂಕದಲ್ಲಿ ನೂರು ಭಾಗ ಶುದ್ಧ ಇಂಗಲೀಕದೊಳಗೆ ಸುಮಾರು 86 ಭಾಗ ಪಾದರಸವೂ 14 ಭಾಗ ಗಂಧಕವೂ ಇರುತ್ತವೆ. ಔಷಧವೆಂದು ಸೇವಿಸಲ್ಪಟ್ಟು ವಿಷವೆಂದು ತಿಳಿಯಲ್ಪಟ್ಟ ಇದರ ಚರಿತ್ರೆಯು ವಿಚಾರಾರ್ಹವಾದುದು.

ಚರಕ ಸುಶ್ರುತರ ಸಂಹಿತೆಗಳಲ್ಲಿ ಮೂಲಿಕೆಗಳಿಗೇ ಪ್ರಾಧಾನ್ಯವುಂಟು. ಪಾರದವನ್ನು ಚಿಕಿತ್ಸೆಯ ಶಿರೋಭಾಗದಲ್ಲಿ ನಿಲ್ಲಿಸಿದವರು ಅವರ ತರುವಾಯದ ರಸಸಿದ್ಧರು. ಅವರ ಮತದಲ್ಲಿ ಪಾರದವು ಶಿವತೇಜಸ್ಸು, ಗಂಧಕವು ದೇವಿಯ ಅಂಶ. ಆದಕಾರಣ ರಸರತ್ನಸಮುಚ್ಚಯವು ರಸಶಾಲೆಯಲ್ಲಿ ರಸಲಿಂಗವನ್ನು ಸ್ಥಾಪಿಸಿ ಪೂಜಿಸತಕ್ಕದ್ದೆಂದು ವಿಧಿಸಿತು. ಅದೇ ಗ್ರಂಥವು ಹಿಂಗುಲವನ್ನು ಸಾಧಾರಣರಸಗಳ ವರ್ಗದಲ್ಲಿ ಸೇರಿಸಿದೆ.

ಹಿಂಗುಲವನ್ನು ನಿಂಬೆಯ ರಸದಲ್ಲಿಯೂ ಹಸಿಶುಂಠಿಯ ರಸದಲ್ಲಿಯೂ ಮತ್ತೆ ಮತ್ತೆ ಅರೆದು ಶೋಧಿಸುವರು. ಪಾರದವನ್ನು ಪಡೆಯಬೇಕಾದರೆ ಎರಡು ಮಡಕೆಗಳ ಬಾಯಿಗಳನ್ನು ಸೇರಿಸಿ, ಸಂಧಿಗೆ ಬಟ್ಟೆಯನ್ನೂ ಮಣ್ಣನ್ನೂ ಮೆತ್ತಿ, ಕೆಳಗೆ ಉರಿಯನ್ನಿಟ್ಟು, ಮೇಲಿನ ಮಡಕೆಯನ್ನು ಒದ್ದೆಬಟ್ಟೆಯಿಂದ ತಂಪುಗೊಳಿಸುವರು. ಆಗ ರಸವು ಆವಿಯಾಗಿ ಏರಿ ಮೇಲಿನ ಮಡಕೆಯೊಳಗೆ ಹನಿಗಟ್ಟುವುದು. ಈ ಕ್ರಿಯೆಗೆ ಊರ್ಧ್ವಪಾತನವೆಂದು ಹೆಸರು. ಜ್ವರಕ್ಕೆ ಕೊಡುವ ತ್ರಿಭುವನಕೀರ್ತಿರಸ, ಹಿಂಗುಲೇಶ್ವರರಸಗಳಲ್ಲಿ ಶೋಧಿತ ಹಿಂಗುಲವೇ ಸೇರಿರುವುದು.

ಚೀನಾ ದೇಶದಲ್ಲಿ ಇದನ್ನು ಅಮರತ್ವದ ಸಾಧನವೆಂದೆಣಿಸಿದರು. 4ನೆಯ ಶತಮಾನದ ಗೆ ಹೊಂಗ್ ಎಂಬ ಪಂಡಿತನು ಇಂತಹ ರಸಾಯನಗಳನ್ನು ವಿಸ್ತಾರವಾಗಿ ವರ್ಣಿಸಿದನು. ಆದರೆ ಟಾಂಗ್ ವಂಶದ ಚಕ್ರವರ್ತಿಗಳಾದ ವೂಜೊಂಗನು 846ರಲ್ಲಿಯೂ ಷ್ವಾನ್‌ಜೊಂಗನು 859ರಲ್ಲಿಯೂ ಇಂತಹ ಗುಳಿಗೆಗಳ ಸೇವನೆಯಿಂದಲೇ ಮಡಿದರೆಂದು ಅಲ್ಲಿಯ ಇತಿಹಾಸಕಾರರು ಬರೆದಿರುವರು. ಆಯುಸ್ಸನ್ನು ಬೇಡಿದವರಿಗೆ ಅಕಾಲಮರಣವು ದೊರೆಯಿತು!

ಯುರೋಪಿನಲ್ಲಿ 15ನೆಯ ಶತಮಾನದ ಅಂತ್ಯಕ್ಕೆ ಫಿರಂಗರೋಗವು ಹಬ್ಬಲು, ರೋಗಿಯನ್ನು ಮುಚ್ಚಿದ ಸ್ಥಳದಲ್ಲಿ ಕುಳ್ಳಿರಿಸಿ ಇಂಗಲೀಕದ ಹೊಗೆಯನ್ನು ಕೊಡುವ ಪದ್ಧತಿಯು ಬಂದಿತು. ಬಾಯಿಂದ ಜೊಲ್ಲು ಧಾರೆಯಾಗಿ ಸುರಿದರೆ ದೋಷವು ಹೊರಬೀಳುತ್ತಿದೆಯೆಂದು ವೈದ್ಯರು ನಂಬಿದರು. ವಾಸ್ತವದಲ್ಲಿ ಅದು ವಿಷವೇರಿದ ಲಕ್ಷಣ. ಒಸಡು ಬಾತು ಹಲ್ಲುಗಳುದುರಿ, ಕೈಕಾಲುಗಳು ನಡುಗಿ ಅನೇಕರು ಕ್ಲೇಶಪಟ್ಟರು. ನಮ್ಮ ದೇಶದಲ್ಲಿಯೂ 16ನೆಯ ಶತಮಾನದ ಭಾವಮಿಶ್ರನು ಈ ರೋಗಕ್ಕೆ ಪಾರದಜನ್ಯವಾದ ರಸಕರ್ಪೂರವನ್ನು ಹೇಳಿದನು. 1910ರಲ್ಲಿ ಸಾಲ್ವರ್ಸಾನ್, 1943ರಲ್ಲಿ ಪೆನಿಸಿಲಿನ್ ಈ ರೋಗಕ್ಕೆ ಬಳಕೆಯಾಗಿ ಪಾದರಸದ ಚಿಕಿತ್ಸೆಯು ಹಿಂದೆ ಸರಿಯಿತು.

ರೋಗಿಗಳಿಗಿಂತ ಹೆಚ್ಚು ನೊಂದವರು ಇದನ್ನು ಅಗೆದ ಬಡವರು. ಸ್ಪೇಯಿನಿನ ಅಲ್ಮಾದೇನ್ ಗಣಿಯಲ್ಲಿ ದಂಡನೆ ಹೊಂದಿದ ಕೈದಿಗಳನ್ನು ದುಡಿಸಿದರು. 1490ರಲ್ಲಿ ಪಾದರಸವು ಕಂಡುಬಂದ ಇದ್ರಿಯಾದಲ್ಲಿ ವೈದ್ಯನಾಗಿದ್ದ ಸ್ಕೋಪೋಲಿಯು ಗಣಿಗಾರರ ವ್ಯಾಧಿಗಳನ್ನು ಕಣ್ಣಾರೆ ಕಂಡು 1761ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಈ ಎರಡು ಗಣಿಗಳೂ ಈಗ ಮುಚ್ಚಲ್ಪಟ್ಟಿವೆ. 2012ರಲ್ಲಿ ಅವು ಜಾಗತಿಕ ಪರಂಪರೆಯ ಪಟ್ಟಿಗೆ ಸೇರಿದವು.

ಇಂಗಲೀಕವು ನೀರಿನಲ್ಲಿ ಕರಗುವುದು ಅತ್ಯಲ್ಪ. ಆದುದರಿಂದ ದೇಹದಲ್ಲಿ ಸೇರುವ ಅಂಶವೂ ರಸಕರ್ಪೂರಾದಿಗಳಿಗಿಂತ ಕಡಿಮೆ. ಆದರೂ ಬಹುಕಾಲ ಸೇವಿಸಿದರೆ ಮೂತ್ರಪಿಂಡಗಳಿಗೂ ನರಗಳಿಗೂ ಹಾನಿಯುಂಟಾಗಬಹುದು. ಕಾಯಿಸಿದರಂತೂ ಅದರ ಆವಿಯೇ ಘೋರ ವಿಷ. ಭಾರತದ ಔಷಧನಿಯಮಗಳು ಹಿಂಗುಲವನ್ನು ವಿಷದ್ರವ್ಯಗಳ ಪಟ್ಟಿಯಲ್ಲಿರಿಸಿ, ವೈದ್ಯರ ಮೇಲ್ವಿಚಾರಣೆಯಿಲ್ಲದೆ ಸೇವಿಸಲಾಗದೆಂದು ಎಚ್ಚರಿಸುತ್ತವೆ. 2013ರ ಮಿನಮಾಟಾ ಒಪ್ಪಂದವನ್ನು ಭಾರತವು 2018ರಲ್ಲಿ ಅನುಮೋದಿಸಿತು.

ವಿಷಚಿಕಿತ್ಸೆಯನ್ನೇ ವಸ್ತುವಾಗಿಟ್ಟು 14ನೆಯ ಶತಮಾನದಲ್ಲಿ ಮಂಗರಾಜನು ಖಗೇಂದ್ರಮಣಿದರ್ಪಣವನ್ನು ರಚಿಸಿದ ನಾಡು ನಮ್ಮದು. ವಿಷವನ್ನು ವಿಷವೆಂದರಿಯುವುದು ನಮ್ಮ ವಿದ್ಯಾಪರಂಪರೆಗೆ ಹೊಸತಲ್ಲ. ರಸಸಿದ್ಧರು ಪಾರದವನ್ನು ಪೂಜಿಸಿದರು ನಿಜ. ಪೂಜೆಯಿಂದ ದ್ರವ್ಯದ ಗುಣವು ಮಾರ್ಪಡುವುದಿಲ್ಲ. ಶೋಧನೆಗೆ ಅವರು ಅಷ್ಟೊಂದು ಶ್ರಮಪಟ್ಟುದೇ ಅದರ ಭಯವನ್ನು ಅವರು ಅರಿತಿದ್ದರೆಂಬುದಕ್ಕೆ ಸಾಕ್ಷಿ. ಹಿರಿಯರ ಆ ಭಯವನ್ನು ಮರೆತು ಅವರ ಗುಳಿಗೆಯನ್ನು ಮಾತ್ರ ಉಳಿಸಿಕೊಳ್ಳುವುದು ಭಕ್ತಿಯಲ್ಲ. ಬಲ್ಲವರನ್ನು ಕೇಳದೆ ಇಂತಹ ಔಷಧಗಳನ್ನು ಯಾರೂ ಮುಟ್ಟಲಾಗದು.