ಶಾಲಾ-ಕಾಲೇಜು ಪ್ರಯೋಗಾಲಯಗಳಲ್ಲಿ ಆಮ್ಲ ಹಾಗೂ ವಿಷಕಾರಿ ರಾಸಾಯನಿಕಗಳ ಸುರಕ್ಷಿತ ನಿರ್ವಹಣೆ ಮತ್ತು ದಾಸ್ತಾನು: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಪ್ರೌಢಶಾಲೆ, ಪದವಿಪೂರ್ವ ಮತ್ತು ಪದವಿ ಕಾಲೇಜುಗಳ ರಸಾಯನಶಾಸ್ತ್ರ ಪ್ರಯೋಗಾಲಯಗಳಲ್ಲಿ ಸಲ್ಫ್ಯೂರಿಕ್ ಆಮ್ಲ (ಗಂಧಕಾಮ್ಲ), ನೈಟ್ರಿಕ್ ಆಮ್ಲ, ಹೈಡ್ರೋಕ್ಲೋರಿಕ್ ಆಮ್ಲ, ಬ್ರೋಮಿನ್, ಪೊಟ್ಯಾಸಿಯಂ ಡೈಕ್ರೋಮೇಟ್, ಪಾದರಸ ಮುಂತಾದ ವಸ್ತುಗಳು ದೈನಂದಿನ ಬಳಕೆಯಲ್ಲಿರುತ್ತವೆ. ಇವುಗಳ ನಿರ್ವಹಣೆಯಲ್ಲಿ ಲೋಪವಾದಲ್ಲಿ ಎರಡು ಬಗೆಯ ಅಪಾಯಗಳು ಉಂಟಾಗುತ್ತವೆ. ಪ್ರಯೋಗಾಲಯದೊಳಗೆ ವಿದ್ಯಾರ್ಥಿ ಅಥವಾ ಸಿಬ್ಬಂದಿಗೆ ಗಾಯವಾಗುವುದು ಮೊದಲನೆಯದು. ಆಮ್ಲವು ಪ್ರಯೋಗಾಲಯದಿಂದ ಹೊರಗೆ ಹೋಗಿ ದುಷ್ಕೃತ್ಯಕ್ಕೆ ಬಳಕೆಯಾಗುವುದು ಎರಡನೆಯದು. ಇವೆರಡನ್ನೂ ತಡೆಗಟ್ಟುವ ದೃಷ್ಟಿಯಿಂದ ಸಂಸ್ಥೆಗಳ ಮುಖ್ಯಸ್ಥರು, ಪ್ರಯೋಗಾಲಯ ಸಿಬ್ಬಂದಿ, ಆಮ್ಲ ಮಾರಾಟಗಾರರು ಹಾಗೂ ಪೋಷಕರ ಉಪಯೋಗಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ಒದಗಿಸಲಾಗಿದೆ.

2. ಕಾನೂನಿನ ಹಿನ್ನೆಲೆ

ವಿಷ ಅಧಿನಿಯಮ, 1919 ರ ಅಡಿಯಲ್ಲಿ ವಿಷಪದಾರ್ಥಗಳ ಮಾರಾಟ ಹಾಗೂ ಮಾರಾಟಕ್ಕಾಗಿ ಇಟ್ಟುಕೊಳ್ಳುವಿಕೆಯನ್ನು ನಿಯಂತ್ರಿಸಲು ನಿಯಮಗಳನ್ನು ರೂಪಿಸುವ ಅಧಿಕಾರವು ರಾಜ್ಯ ಸರ್ಕಾರಕ್ಕೆ ಇರುತ್ತದೆ. ದೆಹಲಿಯಲ್ಲಿ 2005 ರಲ್ಲಿ ಆಮ್ಲ ದಾಳಿಗೆ ಒಳಗಾದ ಲಕ್ಷ್ಮಿ ಅವರು ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ದಿನಾಂಕ 18-07-2013 ರಂದು ಆಮ್ಲದ ಮುಕ್ತ ಮಾರಾಟವನ್ನು ನಿರ್ಬಂಧಿಸಿ ನಿರ್ದೇಶನಗಳನ್ನು ನೀಡಿತು. ಸದರಿ ನಿರ್ದೇಶನಗಳಲ್ಲಿ ಶಿಕ್ಷಣ ಸಂಸ್ಥೆಗಳು, ಸಂಶೋಧನಾ ಪ್ರಯೋಗಾಲಯಗಳು, ಆಸ್ಪತ್ರೆಗಳು, ಸರ್ಕಾರಿ ಇಲಾಖೆಗಳು ಮತ್ತು ಸಾರ್ವಜನಿಕ ಉದ್ಯಮಗಳಿಗೆ ಈ ಕೆಳಗಿನ ಹೊಣೆಗಳನ್ನು ವಹಿಸಲಾಗಿದೆ:

ಅ) ಆಮ್ಲದ ಬಳಕೆಯ ವಹಿಯನ್ನು ನಿರ್ವಹಿಸಿ ಉಪವಿಭಾಗೀಯ ದಂಡಾಧಿಕಾರಿಗಳಿಗೆ ಸಲ್ಲಿಸತಕ್ಕದ್ದು.
ಆ) ಆಮ್ಲದ ಸ್ವಾಧೀನ ಮತ್ತು ಸುರಕ್ಷಿತ ಪಾಲನೆಗೆ ಒಬ್ಬ ವ್ಯಕ್ತಿಯನ್ನು ಜವಾಬ್ದಾರರನ್ನಾಗಿ ಮಾಡತಕ್ಕದ್ದು.
ಇ) ಸದರಿ ವ್ಯಕ್ತಿಯ ಮೇಲ್ವಿಚಾರಣೆಯಲ್ಲಿಯೇ ಆಮ್ಲವನ್ನು ಸಂಗ್ರಹಿಸಿಡತಕ್ಕದ್ದು, ಪ್ರಯೋಗಾಲಯದಿಂದ ಹೊರಹೋಗುವ ವಿದ್ಯಾರ್ಥಿಗಳನ್ನು ಹಾಗೂ ಸಿಬ್ಬಂದಿಯನ್ನು ಕಡ್ಡಾಯವಾಗಿ ತಪಾಸಣೆ ಮಾಡತಕ್ಕದ್ದು.

ಕರ್ನಾಟಕದಲ್ಲಿ ಕಂದಾಯ ಉಪವಿಭಾಗದ ಉಪವಿಭಾಗಾಧಿಕಾರಿಗಳು ಉಪವಿಭಾಗೀಯ ದಂಡಾಧಿಕಾರಿಗಳಾಗಿರುತ್ತಾರೆ. ದಿನಾಂಕ 01-07-2024 ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ, 2023 ರ 124ನೇ ಕಲಮಿನಂತೆ ಆಮ್ಲ ಬಳಸಿ ತೀವ್ರ ಗಾಯ ಉಂಟುಮಾಡಿದವರಿಗೆ 10 ವರ್ಷಗಳಿಗೆ ಕಡಿಮೆಯಿಲ್ಲದ, ಜೀವಾವಧಿಯವರೆಗೂ ವಿಸ್ತರಿಸಬಹುದಾದ ಕಾರಾವಾಸವಿರುತ್ತದೆ.

3. ದಾಸ್ತಾನು ವಹಿಯ ನಿರ್ವಹಣೆ

ಅನೇಕ ಸಂಸ್ಥೆಗಳಲ್ಲಿ ಖರೀದಿಯನ್ನು ಮಾತ್ರ ವಹಿಯಲ್ಲಿ ನಮೂದಿಸಿ, ಬಳಕೆಯನ್ನು ವರ್ಷಾಂತ್ಯದಲ್ಲಿ ಒಟ್ಟಾಗಿ ಬರೆಯುವ ರೂಢಿಯುಂಟು. ಇಂತಹ ವಹಿಯಿಂದ ಯಾವ ಪ್ರಯೋಜನವೂ ಇರುವುದಿಲ್ಲ. ಆಮ್ಲದ ವಹಿಯನ್ನು ನಗದು ಪುಸ್ತಕದಂತೆಯೇ ನಿರ್ವಹಿಸುವುದು ಸೂಕ್ತ. ದಿನಾಂಕ, ಆರಂಭಿಕ ಶಿಲ್ಕು, ಸ್ವೀಕೃತಿ, ನೀಡಿಕೆ, ಯಾವ ತರಗತಿಯ ಯಾವ ಪ್ರಯೋಗಕ್ಕೆ, ಪಡೆದವರ ಸಹಿ, ಅಂತಿಮ ಶಿಲ್ಕು, ಹೊಣೆಗಾರರ ಸಹಿ ಎಂಬ ಅಂಕಣಗಳು ಇರಲಿ.

ಉದಾಹರಣೆ: ತಲಾ 500 ಮಿಲಿಲೀಟರಿನ 5 ಬಾಟಲಿಗಳಿದ್ದಲ್ಲಿ ಆರಂಭಿಕ ಶಿಲ್ಕು 2,500 ಮಿ.ಲೀ. ಆ ದಿನ 300 ಮಿ.ಲೀ. ನೀಡಿದ್ದರೆ ಅಂತಿಮ ಶಿಲ್ಕು 2,200 ಮಿ.ಲೀ. ಆಗುತ್ತದೆ. ಭೌತಿಕ ಪರಿಶೀಲನೆಯಲ್ಲಿ 1,900 ಮಿ.ಲೀ. ಮಾತ್ರ ಕಂಡುಬಂದಲ್ಲಿ 300 ಮಿ.ಲೀ. ವ್ಯತ್ಯಾಸವನ್ನು ಅದೇ ದಿನ ಸಂಸ್ಥೆಯ ಮುಖ್ಯಸ್ಥರಿಗೆ ಲಿಖಿತವಾಗಿ ತಿಳಿಸಿ, ಕಾರಣ ದೊರೆಯದಿದ್ದಲ್ಲಿ ಸ್ಥಳೀಯ ಪೊಲೀಸ್ ಠಾಣೆಗೆ ಮಾಹಿತಿ ನೀಡಬೇಕು. ವ್ಯತ್ಯಾಸವನ್ನು "ಆವಿಯಾಗಿದೆ" ಎಂದು ಬರೆದು ಸರಿದೂಗಿಸಬಾರದು. ಸಾಂದ್ರ ಸಲ್ಫ್ಯೂರಿಕ್ ಆಮ್ಲವು ಸಾಮಾನ್ಯ ಉಷ್ಣತೆಯಲ್ಲಿ ಆವಿಯಾಗುವುದು ತೀರಾ ಅತ್ಯಲ್ಪ. ಬದಲಿಗೆ ಗಾಳಿಯ ತೇವಾಂಶವನ್ನು ಹೀರಿಕೊಳ್ಳುತ್ತದೆ.

ಬಾಟಲಿಯನ್ನು ತೆರೆಯದೆಯೇ ಶಿಲ್ಕನ್ನು ಪರಿಶೀಲಿಸಬಹುದು. ಸಾಂದ್ರ ಸಲ್ಫ್ಯೂರಿಕ್ ಆಮ್ಲದ ಪ್ರತಿ ಮಿಲಿಲೀಟರಿನ ತೂಕ ಸುಮಾರು 1.84 ಗ್ರಾಂ. ಅಂದರೆ 500 ಮಿ.ಲೀ. ಆಮ್ಲದ ತೂಕ ಸುಮಾರು 920 ಗ್ರಾಂ. ಅದೇ ಮಾದರಿಯ ಖಾಲಿ ಬಾಟಲಿಯ ತೂಕವನ್ನು ಒಮ್ಮೆ ವಹಿಯಲ್ಲಿ ನಮೂದಿಸಿಕೊಂಡರೆ, ನಂತರ ತಕ್ಕಡಿಯಲ್ಲಿ ತೂಗಿ ಉಳಿದ ಆಮ್ಲವನ್ನು ಲೆಕ್ಕ ಹಾಕಬಹುದು. ಇದರಿಂದ ಹೊಗೆಯ ಸಂಪರ್ಕವೂ ತಪ್ಪುತ್ತದೆ.

4. ಸಂಗ್ರಹಣೆ

ರಾಸಾಯನಿಕಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸಿಡುವುದು ನೋಡಲು ಅಚ್ಚುಕಟ್ಟಾದರೂ ಅಪಾಯಕಾರಿ. ಒಂದರೊಡನೊಂದು ಸೇರಬಾರದ ವಸ್ತುಗಳು ಅಕ್ಕಪಕ್ಕ ಬರುವ ಸಂಭವವಿರುತ್ತದೆ. ಆದ್ದರಿಂದ ಗುಣಾನುಸಾರ ಬೇರ್ಪಡಿಸಬೇಕು.

• ಆಮ್ಲಗಳನ್ನು ಪ್ರತ್ಯಾಮ್ಲಗಳಿಂದ ದೂರ, ಕೆಳಗಿನ ಅಂಕಣದಲ್ಲಿ, ಸೋರಿಕೆ ಹಿಡಿಯುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಇಡಬೇಕು. ಕಣ್ಣಿನ ಮಟ್ಟಕ್ಕಿಂತ ಮೇಲೆ ಇಡಕೂಡದು.
• ನೈಟ್ರಿಕ್ ಆಮ್ಲವನ್ನು ಅಸಿಟಿಕ್ ಆಮ್ಲ, ಮದ್ಯಸಾರ, ಅಸಿಟೋನ್ ಇತ್ಯಾದಿಗಳಿಂದ ಪ್ರತ್ಯೇಕವಾಗಿ ಇಡಬೇಕು. ಸೇರಿದಲ್ಲಿ ಬೆಂಕಿ ಹೊತ್ತಿಕೊಳ್ಳಬಹುದು.
• ಸೈನೈಡ್ ಲವಣಗಳು ಆಮ್ಲದ ಸಂಪರ್ಕಕ್ಕೆ ಬಂದಲ್ಲಿ ಮಾರಣಾಂತಿಕವಾದ ಹೈಡ್ರೋಜನ್ ಸೈನೈಡ್ ಅನಿಲ ಹೊರಬೀಳುತ್ತದೆ. ಇವುಗಳನ್ನು ಬೇರೆ ಬೀರುವಿನಲ್ಲಿ ಬೀಗ ಹಾಕಿ ಇಡಬೇಕು.
• ಸೋಡಿಯಂ ಲೋಹವನ್ನು ಸೀಮೆಎಣ್ಣೆಯಲ್ಲಿ, ಬಿಳಿ ರಂಜಕವನ್ನು ನೀರಿನಲ್ಲಿ ಮುಳುಗಿಸಿಡಬೇಕು. ದ್ರವದ ಮಟ್ಟವನ್ನು ನಿಯತವಾಗಿ ಪರಿಶೀಲಿಸಬೇಕು.
• ಈಥರ್ ಬಾಟಲಿಯ ಮೇಲೆ ತೆರೆದ ದಿನಾಂಕವನ್ನು ಬರೆಯಬೇಕು. ಹಳೆಯ ಈಥರಿನಲ್ಲಿ ಸ್ಫೋಟಕ ಪೆರಾಕ್ಸೈಡುಗಳು ಉಂಟಾಗಬಹುದು.
• ಒಣಗಿದ ಪಿಕ್ರಿಕ್ ಆಮ್ಲ ಕಂಡುಬಂದಲ್ಲಿ ಮುಚ್ಚಳವನ್ನು ಮುಟ್ಟದೆ, ಬಾಟಲಿಯನ್ನು ಅಲುಗಿಸದೆ, ಕೊಠಡಿ ತೆರವುಗೊಳಿಸಿ 112 ಕ್ಕೆ ಕರೆ ಮಾಡಬೇಕು.
• ಯಾವುದೇ ರಾಸಾಯನಿಕವನ್ನು ಕುಡಿಯುವ ನೀರಿನ ಅಥವಾ ತಂಪು ಪಾನೀಯದ ಬಾಟಲಿಯಲ್ಲಿ ಎಂದಿಗೂ ತುಂಬಿಡಕೂಡದು.

ಪ್ರತಿ ಬಾಟಲಿಯ ಮೇಲೆ ವಸ್ತುವಿನ ಪೂರ್ಣ ಹೆಸರು ಹಾಗೂ ಸಾಂದ್ರತೆ ಇರಬೇಕು. ಕೆಂಪು ಅಂಚಿನ ವಜ್ರಾಕೃತಿಯ ಚಿಹ್ನೆಗಳಲ್ಲಿ ತಲೆಬುರುಡೆಯು ತೀವ್ರ ವಿಷವನ್ನೂ, ಕೈ ಹಾಗೂ ಲೋಹವನ್ನು ಕೊರೆಯುವ ಹನಿಗಳು ಸುಡುವ ಗುಣವನ್ನೂ, ಜ್ವಾಲೆಯು ಬೇಗನೆ ಹೊತ್ತಿಕೊಳ್ಳುವ ಗುಣವನ್ನೂ ಸೂಚಿಸುತ್ತವೆ. ತಯಾರಕರು ನೀಡುವ ಸುರಕ್ಷತಾ ಮಾಹಿತಿ ಪತ್ರವು 16 ಭಾಗಗಳನ್ನು ಹೊಂದಿದ್ದು, 4ನೇ ಭಾಗದಲ್ಲಿ ಪ್ರಥಮ ಚಿಕಿತ್ಸೆ, 7ನೇ ಭಾಗದಲ್ಲಿ ನಿರ್ವಹಣೆ ಮತ್ತು ಸಂಗ್ರಹಣೆ, 13ನೇ ಭಾಗದಲ್ಲಿ ವಿಲೇವಾರಿಯ ವಿವರ ಇರುತ್ತದೆ. ಖರೀದಿಯ ಸಮಯದಲ್ಲಿಯೇ ಇದನ್ನು ಕೇಳಿ ಪಡೆದು ಕಡತದಲ್ಲಿ ಇಡತಕ್ಕದ್ದು.

5. ಬಳಕೆಯಲ್ಲಿ ಎಚ್ಚರಿಕೆ

ಆಮ್ಲವನ್ನು ತಿಳಿಗೊಳಿಸುವಾಗ ನೀರಿಗೆ ಆಮ್ಲವನ್ನು ನಿಧಾನವಾಗಿ ಸೇರಿಸಬೇಕೇ ಹೊರತು ಆಮ್ಲಕ್ಕೆ ನೀರನ್ನು ಸುರಿಯಕೂಡದು. ಹಾಗೆ ಸುರಿದಲ್ಲಿ ಶಾಖದಿಂದ ನೀರು ಕುದಿದು ಆಮ್ಲವು ಮುಖಕ್ಕೆ ಸಿಡಿಯುತ್ತದೆ. ಪಿಪೆಟ್ಟಿನಿಂದ ಬಾಯಿಯ ಮೂಲಕ ದ್ರವ ಎಳೆಯುವುದನ್ನು ಸಂಪೂರ್ಣವಾಗಿ ನಿಲ್ಲಿಸಿ, ರಬ್ಬರ್ ಬಲ್ಬ್ ಬಳಸಬೇಕು. ಕನ್ನಡಕ, ಕೈಗವಸು, ಹತ್ತಿಯ ಮೇಲಂಗಿ ಹಾಗೂ ಪಾದ ಮುಚ್ಚುವ ಪಾದರಕ್ಷೆ ಕಡ್ಡಾಯ.

ಎಲ್ಲ ಕೈಗವಸುಗಳೂ ಎಲ್ಲ ರಾಸಾಯನಿಕಗಳಿಂದ ರಕ್ಷಣೆ ನೀಡುವುದಿಲ್ಲ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕಿ ಕ್ಯಾರೆನ್ ವೆಟರ್‌ಹಾನ್ ಅವರ ಲೇಟೆಕ್ಸ್ ಕೈಗವಸಿನ ಮೇಲೆ 1996 ರ ಆಗಸ್ಟ್ ತಿಂಗಳಿನಲ್ಲಿ ಡೈಮಿಥೈಲ್ ಪಾದರಸದ ಕೆಲವು ಹನಿಗಳು ಬಿದ್ದವು. ವಿಷವು ಕೈಗವಸಿನ ಮೂಲಕ ಚರ್ಮವನ್ನು ಸೇರಿತು. ಲಕ್ಷಣಗಳು ಕೆಲವು ತಿಂಗಳುಗಳ ನಂತರವಷ್ಟೇ ಕಾಣಿಸಿಕೊಂಡು, 1997 ರ ಜೂನ್ ತಿಂಗಳಿನಲ್ಲಿ ಅವರು ನಿಧನರಾದರು. ಅವರು ಈ ವಿಷಯದಲ್ಲಿ ಪರಿಣತರೇ ಆಗಿದ್ದರು ಎಂಬುದು ಗಮನಾರ್ಹ. ಆದುದರಿಂದ ಯಾವ ವಸ್ತುವಿಗೆ ಯಾವ ಕೈಗವಸು ಎಂಬುದನ್ನು ಸುರಕ್ಷತಾ ಮಾಹಿತಿ ಪತ್ರದ 8ನೇ ಭಾಗದಲ್ಲಿ ನೋಡಿಯೇ ನಿರ್ಧರಿಸಬೇಕು.

6. ಅಪಘಾತ ಸಂಭವಿಸಿದಲ್ಲಿ

• ಆಮ್ಲ ತಗುಲಿದ ಬಟ್ಟೆಯನ್ನು ಕೂಡಲೇ ತೆಗೆದು, ಆ ಭಾಗವನ್ನು ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಬೇಕು. ಸೋಡಾ ಪುಡಿ, ಮುಲಾಮು ಇತ್ಯಾದಿ ಹಚ್ಚಬಾರದು.
• ಕಣ್ಣಿಗೆ ಬಿದ್ದಲ್ಲಿ ರೆಪ್ಪೆಗಳನ್ನು ಬಿಡಿಸಿ ಹಿಡಿದು ಇದೇ ರೀತಿ ತೊಳೆದು ಆಸ್ಪತ್ರೆಗೆ ಕರೆದೊಯ್ಯಬೇಕು.
• ನುಂಗಿದ್ದಲ್ಲಿ ವಾಂತಿ ಮಾಡಿಸಬಾರದು.
• ಪಾದರಸ ಚೆಲ್ಲಿದಲ್ಲಿ ಪೊರಕೆಯಿಂದ ಗುಡಿಸಬಾರದು. ಕಿಟಕಿ ತೆರೆದು, ಕೈಗವಸು ಧರಿಸಿ, ಗಟ್ಟಿ ಕಾಗದದಿಂದ ಹನಿಗಳನ್ನು ಒಟ್ಟುಗೂಡಿಸಿ ಮುಚ್ಚಳವಿರುವ ಬಾಟಲಿಗೆ ಹಾಕಬೇಕು.
• ರಾಸಾಯನಿಕದ ಹೆಸರಿರುವ ಚೀಟಿಯನ್ನು ವೈದ್ಯರಿಗೆ ತೋರಿಸಬೇಕು.

ಆಂಬುಲೆನ್ಸ್ ಸೇವೆಗೆ 108, ಇತರ ತುರ್ತು ಸೇವೆಗೆ 112 ಸಂಖ್ಯೆಗೆ ಕರೆ ಮಾಡಬಹುದು. ಆಮ್ಲ ದಾಳಿಯ ಸಂತ್ರಸ್ತರಿಗೆ ಸರ್ಕಾರಿ ಹಾಗೂ ಖಾಸಗಿ ಆಸ್ಪತ್ರೆಗಳೆಲ್ಲವೂ ಕೂಡಲೇ ಉಚಿತ ಪ್ರಥಮ ಚಿಕಿತ್ಸೆ ಅಥವಾ ವೈದ್ಯಕೀಯ ಚಿಕಿತ್ಸೆ ನೀಡತಕ್ಕದ್ದೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023 ರ 397ನೇ ಕಲಮಿನಲ್ಲಿ ವಿಧಿಸಲಾಗಿದೆ.

7. ಹಳೆಯ ರಾಸಾಯನಿಕಗಳ ವಿಲೇವಾರಿ

ಅವಧಿ ಮೀರಿದ ಅಥವಾ ಹೆಸರು ಅಳಿಸಿಹೋದ ರಾಸಾಯನಿಕಗಳನ್ನು ಸಿಂಕಿಗೆ ಸುರಿಯುವುದು, ಮೈದಾನದಲ್ಲಿ ಹೂಳುವುದು, ಗುಜರಿಯವರಿಗೆ ಮಾರುವುದು ನಿಷಿದ್ಧ. ಅಪಾಯಕಾರಿ ಹಾಗೂ ಇತರೆ ತ್ಯಾಜ್ಯಗಳ ನಿಯಮಗಳು, 2016 ರನ್ವಯ ಇಂತಹ ತ್ಯಾಜ್ಯವನ್ನು ಅಧಿಕೃತ ಸಂಸ್ಥೆಗಳ ಮೂಲಕವೇ ವಿಲೇವಾರಿ ಮಾಡಬೇಕು. ಪಟ್ಟಿಯನ್ನು ಸಿದ್ಧಪಡಿಸಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯನ್ನು ಸಂಪರ್ಕಿಸುವುದು. ಅಗತ್ಯಕ್ಕಿಂತ ಹೆಚ್ಚು ಖರೀದಿಸದಿರುವುದೇ ವಿಲೇವಾರಿಯ ಮೊದಲ ಹೆಜ್ಜೆ.

8. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಆಮ್ಲ ಖರೀದಿಗೆ ಯಾವ ದಾಖಲೆ ಅವಶ್ಯಕ?
ಉತ್ತರ: ಮೇಲ್ಕಂಡ ನಿರ್ದೇಶನಗಳಂತೆ ವಿಳಾಸವಿರುವ, ಸರ್ಕಾರ ನೀಡಿದ ಭಾವಚಿತ್ರ ಸಹಿತ ಗುರುತಿನ ಚೀಟಿಯನ್ನು ತೋರಿಸಿ, ಖರೀದಿಯ ಉದ್ದೇಶವನ್ನು ತಿಳಿಸಬೇಕು. 18 ವರ್ಷದೊಳಗಿನವರಿಗೆ ಮಾರಾಟ ಮಾಡುವಂತಿಲ್ಲ. ಆದ್ದರಿಂದ ಆಮ್ಲ ತರಲು ವಿದ್ಯಾರ್ಥಿಗಳನ್ನು ಅಂಗಡಿಗೆ ಕಳುಹಿಸಕೂಡದು.

ಪ್ರಶ್ನೆ: ಮಾರಾಟಗಾರರ ಹೊಣೆ ಏನು?
ಉತ್ತರ: ಖರೀದಿದಾರರ ವಿವರ ಹಾಗೂ ಪ್ರಮಾಣವನ್ನು ವಹಿಯಲ್ಲಿ ನಮೂದಿಸಿ, ದಾಸ್ತಾನನ್ನು 15 ದಿನಗಳೊಳಗೆ ಉಪವಿಭಾಗೀಯ ದಂಡಾಧಿಕಾರಿಗಳಿಗೆ ಘೋಷಿಸಬೇಕು. ಘೋಷಿಸದ ದಾಸ್ತಾನನ್ನು ಮುಟ್ಟುಗೋಲು ಹಾಕಿಕೊಂಡು ರೂ. 50,000 ವರೆಗೆ ದಂಡ ವಿಧಿಸಬಹುದು. ಪರವಾನಗಿಯ ಅರ್ಜಿ ನಮೂನೆ ಹಾಗೂ ಶುಲ್ಕದ ವಿವರಗಳನ್ನು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದು.

ಪ್ರಶ್ನೆ: ಜವಾಬ್ದಾರ ವ್ಯಕ್ತಿ ವರ್ಗಾವಣೆಯಾದಲ್ಲಿ?
ಉತ್ತರ: ಬೀರುವಿನ ಕೀಲಿಯನ್ನಷ್ಟೇ ಹಸ್ತಾಂತರಿಸಿದರೆ ಸಾಲದು. ಇಬ್ಬರೂ ಒಟ್ಟಾಗಿ ದಾಸ್ತಾನನ್ನು ಪರಿಶೀಲಿಸಿ, ವಹಿಯಲ್ಲಿ ಸಹಿ ಮಾಡಿ, ಮುಖ್ಯಸ್ಥರ ದೃಢೀಕರಣ ಪಡೆದ ನಂತರವೇ ಕಾರ್ಯಭಾರ ಹಸ್ತಾಂತರಿಸುವುದು ಸೂಕ್ತ.

ಪ್ರಶ್ನೆ: ಪೋಷಕರು ವಿಚಾರಿಸಬಹುದೇ?
ಉತ್ತರ: ಖಂಡಿತ. ಪ್ರಯೋಗಾಲಯದಲ್ಲಿ ಹರಿಯುವ ನೀರು, ಕನ್ನಡಕ, ಬೀಗವಿರುವ ಬೀರು ಹಾಗೂ ಹೊಣೆಗಾರರು ಇರುವರೇ ಎಂದು ಸಂಸ್ಥೆಯ ಮುಖ್ಯಸ್ಥರನ್ನು ಕೇಳಬಹುದು.

ಎಲ್ಲ ಸಂಸ್ಥೆಗಳೂ ಮೇಲ್ಕಂಡ ಅಂಶಗಳನ್ನು ಪಾಲಿಸಿ, ವಿದ್ಯಾರ್ಥಿಗಳ ಹಾಗೂ ಸಾರ್ವಜನಿಕರ ಸುರಕ್ಷತೆಗೆ ಸಹಕರಿಸಬೇಕೆಂದು ಕೋರಲಾಗಿದೆ.